ಕಾಗಳಸಿಗೆ ಬಾವಿಯ ನೀರು

ಸಾರಿಗೆ ಹಾಕುವ ಮೀನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಲು ಹೊರಟವಳು ಸಾಗರ ಪೇಟೆಯಲ್ಲಿ ಬಹುಶಃ ನಾನೊಬ್ಬಳೇ. ಅಕ್ವೇರಿಯಂ ಅಂದರೆ ಜನರ ಕಣ್ಣಿಗೆ ಬರುವುದು ಬಾಲ ಬಳುಕಿಸುವ ಕೆಂಪು ಮೀನು, ಗುಳ್ಳೆ ಉಗುಳುವ ಪ್ಲಾಸ್ಟಿಕ್ ಗೊಂಬೆ. ನಮ್ಮ ಜಗಲಿಯಲ್ಲಿದ್ದದ್ದು ಕಾಗಳಸಿ. ಘಟ್ಟದ ಕೆಳಗಿನ ಹೊಳೆಗಳಲ್ಲಿ ಸಿಗುವ, ಅಂಗೈಯಂತೆ ಚಪ್ಪಟೆಯಾದ ಮೀನು. ಬೂದು ಹಸಿರು ಮೈ, ಅದರ ಮೇಲೆ ಅಡ್ಡ ಪಟ್ಟೆ, ಪಟ್ಟೆಯ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಪಕ್ಕದ ಮನೆಯಾಕೆ ಬಂದು ನೋಡಿ, "ಮೇಡಂ, ಇದನ್ನ ಸಾಕ್ತೀರೋ, ಹುರೀತೀರೋ?" ಎಂದು ಕೇಳಿದ್ದಳು. ಇನ್ನೂ ತೀರ್ಮಾನ ಆಗಿಲ್ಲ ಎಂದಿದ್ದೆ. ಆಗ ನನಗೆ ನಗುವುದಕ್ಕೆ ಬರುತ್ತಿತ್ತು.

ಮೀನು ತಂದದ್ದು ನನಗಾಗಿ ಅಲ್ಲ, ನನ್ನ ಗಂಡನಿಗಾಗಿ. ಅದನ್ನು ಹೇಳಬೇಕಾದರೆ ಬಸ್ಸಿನಿಂದ ಶುರುಮಾಡಬೇಕು.

ನಾನು ಹೊಸನಗರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಸಾಗರದಿಂದ ದಿನಾ ಹೋಗಿ ಬರುವುದು. ಅವರು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಬಾಯಿ ಅಂದರೆ ಅವರದು ಬಾಯಿ. ಯಾವ ಸ್ಟಾಪಿನಲ್ಲಿ ಯಾರು ಇಳಿಯಬೇಕು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ದನ ಕರು ಹಾಕಿತು, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಆ ಬಾಯಿ ಮುಚ್ಚಿದ್ದನ್ನು ನಾನು ನೋಡುತ್ತಿದ್ದದ್ದು ಟಿಕೆಟ್ ಹರಿಯಲು ನಾಲಿಗೆಗೆ ಬೆರಳು ತಾಗಿಸುವ ಒಂದು ಕ್ಷಣ ಮಾತ್ರ. ನಲವತ್ತೊಂದು ದಾಟಿದ, ಮದುವೆಯ ಮಾತನ್ನು ಮನೆಯವರೂ ಬಿಟ್ಟುಬಿಟ್ಟಿದ್ದ ನಾನು ಆ ಬಾಯಿಗೇ ಮರುಳಾದೆ. ಮೂವತ್ತೈದು ಕಿಲೋಮೀಟರು ನಗಿಸಿದರೆ ಯಾರಾದರೂ ಮರುಳಾಗುತ್ತಾರೆ.

ಅವರು ಘಟ್ಟದ ಕೆಳಗಿನವರು, ಹೊನ್ನಾವರದ ಹತ್ತಿರ ಹೊಳೆದಂಡೆಯ ಒಂದು ಊರಿನವರು. ಅಪ್ಪನ ಜೊತೆ ಜಗಳವಾಡಿ ಇಪ್ಪತ್ತನೇ ವಯಸ್ಸಿಗೆ ಮನೆ ಬಿಟ್ಟು ಘಟ್ಟ ಹತ್ತಿದವರು ಮತ್ತೆ ಇಳಿದಿರಲಿಲ್ಲ. ನನ್ನನ್ನೂ ಒಂದು ಸಲವೂ ಕರೆದುಕೊಂಡು ಹೋಗಲಿಲ್ಲ. ಇಷ್ಟು ವರ್ಷ ಬಸ್ಸಿನಲ್ಲಿ ಕೂಗಿ ಕೂಗಿ ಮಾತು ಪೂರ್ತಿ ನಮ್ಮ ಕಡೆಯದಾಗಿಬಿಟ್ಟಿತ್ತು. ಒಂದು ಮಾತು ಮಾತ್ರ ಊರಿನದೇ ಉಳಿದಿತ್ತು. ಅವರ ಕಡೆ ಶಾಲೆಯ ಟೀಚರನ್ನು ಅಕ್ಕೋರು ಅನ್ನುತ್ತಾರೆ. ಮೊದಲ ದಿನ ಬಸ್ಸಿನಲ್ಲಿ "ಅಕ್ಕೋರೆ, ಮುಂದೆ ಬನ್ನಿ" ಎಂದು ಕರೆದವರು ಮದುವೆಯಾದ ಮೇಲೂ ಹಾಗೇ ಕರೆದರು. ಕಟ್ಟಿಕೊಂಡ ಹೆಂಡತಿಯನ್ನು ಅಕ್ಕ ಅನ್ನುವ ಗಂಡನನ್ನು ಎಲ್ಲಾದರೂ ಕಂಡಿದ್ದೀರಾ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕಿದ್ದೇ ನಕ್ಕಿದ್ದು. ನನಗೆ ಆ ಕರೆ ಬಹಳ ಇಷ್ಟವಾಗಿತ್ತು. ಇಷ್ಟ ಎಂದು ಅವರಿಗೆ ಹೇಳಿರಲಿಲ್ಲ.

ಮದುವೆಯಾದ ಒಂಬತ್ತನೇ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಹೊಸನಗರ ಎಂದು ಕೂಗಲು ಬಾಯಿ ತೆರೆದವರು 'ಹೊ' ಅಂದಷ್ಟೇ ಅಂದು ಮೆಟ್ಟಿಲ ಮೇಲೆ ಕುಸಿದರಂತೆ. ಬಸ್ಸಿನ ಡ್ರೈವರೇ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದ್ದು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋಯಿತು. ನಾನು ವಾಲಂಟರಿ ರಿಟೈರ್ಮೆಂಟ್ ತೆಗೆದುಕೊಂಡು ಮನೆಯಲ್ಲಿ ಕುಳಿತೆ.

ಶಿವಮೊಗ್ಗದಲ್ಲಿ ಮಾತು ಕಲಿಸುವ ಡಾಕ್ಟರೊಬ್ಬರಿದ್ದರು. ಚಿಕ್ಕ ವಯಸ್ಸಿನ ಹೆಂಗಸು, ತಾಳ್ಮೆಯವಳು. ಮೊದಲ ದಿನವೇ ನನ್ನನ್ನು ಹೊರಗೆ ಕರೆದು ಹೇಳಿದಳು, "ನೀವು ಹೇಳಿದ್ದೆಲ್ಲ ಅವ್ರಿಗೆ ಅರ್ಥ ಆಗತ್ತೆ ಮೇಡಂ. ತಿರುಗಿ ಹೇಳೋಕೆ ದಾರಿ ಸಿಗ್ತಿಲ್ಲ ಅಷ್ಟೆ. ಅವ್ರಿಗೆ ಇಷ್ಟ ಆಗೋದನ್ನ ಎದುರಿಗಿಡಿ. ಒಂದು ಮಾತು ಬಂದ್ರೆ ಅದನ್ನ ಹಿಡ್ಕೊಂಡು ಇನ್ನೊಂದು ಬರತ್ತೆ. ಆ ಮೊದಲ್ನೇ ಮಾತನ್ನ ಮಾತ್ರ ಕೆಡಿಸ್ಬೇಡಿ."

ನಾನು ಟೀಚರಮ್ಮ. ನನಗೆ ಗೊತ್ತಿದ್ದ ದಾರಿ ಒಂದೇ. ರಟ್ಟು ಕತ್ತರಿಸಿ, ಚಿತ್ರ ಅಂಟಿಸಿ, ಕೆಳಗೆ ದಪ್ಪಕ್ಷರದಲ್ಲಿ ಮರ, ಮನೆ, ಹಸು ಎಂದು ಬರೆದು ಬೆಳಿಗ್ಗೆ ಸಂಜೆ ಅವರ ಮುಖದ ಮುಂದೆ ಹಿಡಿದೆ. ಅವರು ಒಂದು ವಾರ ನೋಡಿದರು. ಆಮೇಲೆ ಕಾರ್ಡು ಕಂಡರೆ ಮುಖ ತಿರುಗಿಸತೊಡಗಿದರು. ಊಟದ್ದೂ ಅದೇ ಕಥೆ. ಬಿಪಿಗೆ ಉಪ್ಪು ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಗಂಜಿಗೂ ಉಪ್ಪಿಲ್ಲ, ಪಲ್ಯಕ್ಕೂ ಉಪ್ಪಿಲ್ಲ. ಉಪ್ಪಿಗಿಂತ ರುಚಿಯಿಲ್ಲ ಎಂದು ಮಕ್ಕಳಿಗೆ ಗಾದೆ ಬಿಡಿಸಿ ಹೇಳಿದವಳೇ ಉಪ್ಪಿನ ಭರಣಿಯನ್ನು ಅಟ್ಟಕ್ಕೆ ಹಾಕಿದೆ. ಅವರು ನಾಲ್ಕು ತುತ್ತು ತಿಂದು ಬಾಯಿ ಮುಚ್ಚುತ್ತಿದ್ದರು. ನನಗೆ ಬೇಕಾಗಿದ್ದದ್ದು ಒಂದೇ, ಅವರ ಬಾಯಿಂದ ಇನ್ನೊಂದು ಸಲ ಅಕ್ಕೋರೆ ಅಂತ ಕೇಳುವುದು. ನಡೆಯದಿದ್ದರೂ ಪರವಾಗಿಲ್ಲ, ಕೈ ಎತ್ತದಿದ್ದರೂ ಪರವಾಗಿಲ್ಲ ಎಂದು ದೇವರ ಹತ್ತಿರ ಚೌಕಾಸಿಗೂ ಇಳಿದಿದ್ದೆ.

ಜನವರಿಯಲ್ಲಿ ಒಂದು ದಿನ ಶಿವಮೊಗ್ಗದ ಆ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದೆವು. ಮೂಲೆಯಲ್ಲಿ ಒಂದು ಅಕ್ವೇರಿಯಂ ಇತ್ತು. ಒಳಗೆ ಪಟ್ಟೆಪಟ್ಟೆಯ ಯಾವುದೋ ಚಪ್ಪಟೆ ಮೀನು. ಇವರು ಗಾಲಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, ಎಡಗೈ ಬೆರಳಿನಿಂದ ಗಾಜನ್ನು ಮುಟ್ಟಿದರು. ಗಂಟಲಲ್ಲಿ ಒಂದು ಸದ್ದು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸದ್ದು. ಆಗ ನನಗೆ ಅವರು ಹೇಳುತ್ತಿದ್ದ ಕಾಗಳಸಿಯ ಕಥೆ ನೆನಪಾಯಿತು. ಅವರ ಮನೆಯ ಹಿಂದೆ ಹೊಳೆಗಿಳಿಯುವ ಕಲ್ಲಿನ ಮೆಟ್ಟಿಲು. ಅಲ್ಲಿ ಕಾಗಳಸಿ ಜೋಡಿ ಮೊಟ್ಟೆಯಿಟ್ಟು, ಗಂಡು ಹೆಣ್ಣು ಎರಡೂ ಸರದಿಯಂತೆ ಕಾವಲು ಕಾಯುತ್ತವೆ. ಮರಿಯಾದ ಮೇಲೂ ಬಿಟ್ಟು ಹೋಗುವುದಿಲ್ಲ. "ನಮ್ಮಪ್ಪನಿಗಿಂತ ಆ ಮೀನು ವಾಸಿ ಅಕ್ಕೋರೆ" ಎನ್ನುತ್ತಿದ್ದರು. ಊರಿನ ಬಗ್ಗೆ ಅವರು ಪ್ರೀತಿಯಿಂದ ಹೇಳುತ್ತಿದ್ದದ್ದು ಅದೊಂದೇ.

ಊರಿನಲ್ಲಿ ಅವರ ತಮ್ಮನಿದ್ದ. ಹೊಳೆಯಲ್ಲಿ ಬಲೆ ಹಾಕುವವನು. ಅಣ್ಣನನ್ನು ನೋಡಲು ಆಸ್ಪತ್ರೆಗೆ ಒಮ್ಮೆ ಬಂದಿದ್ದ, ಅವನ ಫೋನ್ ನಂಬರು ನನ್ನ ಹತ್ತಿರವಿತ್ತು. ಜೀವಂತ ಕಾಗಳಸಿ ಬೇಕು ಎಂದೆ. ಅವನು ಯಾಕೆಂದು ಕೇಳದೆ, "ಆಯ್ತು ಅತ್ಗೆ, ತತ್ತೆ" ಅಂದ.

ಅಷ್ಟರಲ್ಲಿ ನಾನು ಪೇಟೆಯ ಅಕ್ವೇರಿಯಂ ಅಂಗಡಿಯಿಂದ ಮೂರಡಿಯ ತೊಟ್ಟಿ, ಗಾಳಿಯ ಪಂಪು, ನೀರು ಸೋಸುವ ಸ್ಪಂಜು ತಂದು ಜಗಲಿಯ ತಗ್ಗಿನ ಮೇಜಿನ ಮೇಲೆ ಇಟ್ಟೆ. ಕುರ್ಚಿಯಲ್ಲಿ ಕುಳಿತರೆ ಅವರ ಕಣ್ಣಿಗೆ ನೇರ ಬರುವ ಹಾಗೆ. ಅಂಗಡಿಯವನು ಒಳ್ಳೆಯವನೇ, ಆದರೆ ಅವನು ಮಾರುತ್ತಿದ್ದದ್ದು ಸಾಕಿ ಬೆಳೆಸಿದ ಮೀನು. ಹೊಳೆಯಲ್ಲಿ ಹಿಡಿದ ಮೀನು ಎಂದಾಗ ತಲೆ ಕೆರೆದುಕೊಂಡ. "ಕಾಡಿಂದ ತಂದಿದ್ದಲ್ವಾ, ಹೆದರ್ಕೊಂಡಿರತ್ತೆ ಮೇಡಂ. ಲೈಟ್ ಹಾಕ್ಬೇಡಿ. ಅಡಗೋಕೆ ಜಾಗ ಮಾಡ್ಕೊಡಿ. ವಾರಕ್ಕೊಂದ್ಸಲ ಕಾಲುಭಾಗ ನೀರು ತೆಗ್ದು ಹೊಸ ನೀರು ಹಾಕಿ." ಎಲ್ಲವನ್ನೂ ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ.

ಕರಾವಳಿಯಿಂದ ಸಾಗರಕ್ಕೆ ಬೆಳಿಗ್ಗೆ ಮೀನಿನ ಪಿಕಪ್ ಗಾಡಿ ಬರುತ್ತದೆ. ಮೈದುನ ಅದರಲ್ಲೇ ಬಂದ. ಐಸಿನಲ್ಲಿ ಮಲಗಿದ ಬಂಗುಡೆ, ಭೂತಾಯಿ ಮೀನುಗಳ ನಡುವೆ ಎರಡು ನೀಲಿ ಡ್ರಮ್ಮು, ಒಂದರಲ್ಲಿ ಎರಡು ಕಾಗಳಸಿ, ಇನ್ನೊಂದರಲ್ಲಿ ಬರೀ ನೀರು. ಅವುಗಳ ಪಯಣ ಎಂಥ ಸಂಗಡಿಗರ ಜೊತೆ ಎಂದು ನನಗೆ ನಗು ಬಂತು. ಅವನು ತೊಟ್ಟಿಯನ್ನು ತೊಳೆದು, ಡ್ರಮ್ಮಿನ ನೀರನ್ನೇ ಸೋಸಿ ತುಂಬಿಸಿ, ಮೀನುಗಳನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಬಿಟ್ಟ.

"ಜೋಡಿ ಹೌದೋ ಅಲ್ವೋ ನಂಗೂ ಗೊತ್ತಿಲ್ಲ ಅತ್ಗೆ. ಒಂದೇ ಕಲ್ಲಿನ ಬುಡದಲ್ಲಿ ಸಿಕ್ಕದ್ದು. ಇದು ಹೊಳೆ ನೀರು, ಅವ್ಕೆ ಇದೇ ಆಗ್ಬೇಕು. ಕಡ್ಮಿ ಆದ್ರೆ ಫೋನ್ ಮಾಡಿ, ಗಾಡಿ ಮೇಲೆ ಕಳಸ್ತೆ" ಎಂದ. ಅಣ್ಣನ ಎದುರು ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕುಳಿತ. ಅವರ ಮೊಣಕಾಲು ಮುಟ್ಟಿ, ಅದೇ ಗಾಡಿಯಲ್ಲಿ ಹೊರಟುಹೋದ.

ಹೊಸ ಮೀನು ಮನೆಗೆ ಒಗ್ಗುವುದೆಂದರೆ ಏನೆಂದು ಆ ವಾರ ಕಂಡೆ. ಎರಡೂ ಮಸಿಯ ಬಣ್ಣಕ್ಕೆ ತಿರುಗಿ, ನಾನು ಮಗುಚಿಟ್ಟಿದ್ದ ಒಡೆದ ಮಣ್ಣಿನ ಮಡಕೆಯ ಹಿಂದೆ ಸೇರಿಕೊಂಡವು. ನಾನು ಜಗಲಿ ದಾಟಿದರೆ ಸಾಕು, ಗಾಜಿಗೆ ಢೀ ಎಂದು ಹೊಡೆದುಕೊಳ್ಳುತ್ತಿದ್ದವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಂಟಿಸಿ ಮೂರು ಬದಿ ಮರೆ ಮಾಡಿದೆ. ಅಂಗಡಿಯ ಕಾಳು ಹಾಕಿದರೆ ಬಾಯಿಗೆ ತೆಗೆದುಕೊಂಡು ಥೂ ಎಂದು ಉಗಿದವು. ಎರಡು ದಿನ, ಮೂರು ದಿನ, ಏನೂ ತಿನ್ನಲಿಲ್ಲ. ನನಗೆ ಸಿಟ್ಟು ಬಂತು. ಮನೆಯಲ್ಲಿ ಊಟ ಬೇಡ ಅನ್ನುವವರು ಒಬ್ಬರಿದ್ದರು, ಈಗ ಮೂವರಾದರು.

ನಾಲ್ಕನೇ ದಿನ ಅಡಿಗೆಮನೆಯಿಂದ ಇಣುಕಿ ನೋಡಿದಾಗ ಎರಡೂ ಮಡಕೆಯ ಹಿಂದಿನಿಂದ ಹೊರಬಂದು ಅವರ ಎದುರಿಗೆ ನಿಂತಿದ್ದವು. ನನ್ನ ಸೀರೆಯ ಸೆರಗು ಕಂಡರೆ ಓಡುವ ಮೀನಿಗೆ ಅವರ ಭಯವಿರಲಿಲ್ಲ, ಅವರು ಅಲುಗುತ್ತಲೇ ಇರಲಿಲ್ಲವಲ್ಲ. ಕೈಕಾಲು ಬಿದ್ದದ್ದು ಒಂದು ಕೆಲಸಕ್ಕಾದರೂ ಬಂತು ಎಂದು ಅಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ಅಲ್ಲೇ ನಿಂತು ಅತ್ತೆ. ಅಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಒದ್ದೆ ಮಣ್ಣು ಕೆದಕಿ ಎರೆಹುಳು ತಂದು, ಚೂರು ಮಾಡಿ, ಅವರ ಎಡಗೈಗೆ ಕೊಟ್ಟೆ. ಅವರು ಒಂದೊಂದೇ ಚೂರನ್ನು ನೀರಿಗೆ ಬಿಟ್ಟರು. ದೊಡ್ಡದು ಬಂತು, ನೋಡಿತು, ನುಂಗಿತು. ಅದರ ಹಿಂದೆ ಚಿಕ್ಕದು.

ಅದಾದ ಮೇಲಿನ ಕೆಲವು ವಾರಗಳನ್ನು ನಾನು ಈಗಲೂ ಎತ್ತಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಅವರ ಕಣ್ಣು ಜಗಲಿಯ ಕಡೆ. ಗಂಜಿ ಬಟ್ಟಲನ್ನು ತೊಟ್ಟಿಯ ಪಕ್ಕದಲ್ಲೇ ಇಡಬೇಕು. ಮೀನಿಗೆ ಒಂದು ಚೂರು, ಅವರಿಗೆ ಒಂದು ಚಮಚ. ಮೀನಿನ ಮಸಿ ಬಣ್ಣ ಬಿಟ್ಟು ಮೈಯ ಚುಕ್ಕೆಗಳು ಬೆಳಗಿದವು. ಗಂಟಲಿನ ಸದ್ದು ಹೆಚ್ಚಾಯಿತು, ತುಟಿ ಅಲುಗಿತು. ಶಿವಮೊಗ್ಗಕ್ಕೆ ಹೋದಾಗ ಡಾಕ್ಟರು, "ಹತ್ರ ಬಂದಿದಾರೆ ಮೇಡಂ" ಅಂದಳು. ಅಂದು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡಿದ್ದೆ.

ಭಾನುವಾರ ಭಾನುವಾರ ಅಂಗಡಿಯವನು ಹೇಳಿದ ಹಾಗೆ ಕಾಲುಭಾಗ ನೀರು ತೆಗೆದು ಹೊಸದು ಹಾಕುತ್ತಿದ್ದೆ. ಮೈದುನನಿಗೆ ಫೋನ್ ಮಾಡಲಿಲ್ಲ. ಎರಡು ಕೊಡ ನೀರಿಗಾಗಿ ಘಟ್ಟದ ಕೆಳಗಿನಿಂದ ಡ್ರಮ್ಮು ತರಿಸುವುದೆಂದರೆ ನನಗೆ ನಾಚಿಕೆ. ನಮ್ಮ ಬಾವಿಯ ನೀರಿಗೇನು ಕಡಿಮೆ? ಬೇಸಿಗೆಯಲ್ಲೂ ಕಲ್ಲಿನ ಸೆಲೆಯಿಂದ ತಣ್ಣಗೆ ಬರುವ ನೀರು, ಬಂದ ನೆಂಟರು ಬಾಟಲಿಯಲ್ಲಿ ತುಂಬಿಕೊಂಡು ಹೋಗುವಂಥದ್ದು. ನಾನು ನಿಟ್ಟೂರಿನ ಕಡೆ ಹುಟ್ಟಿದವಳು. ಕಾಡಿನಿಂದ ಇಳಿದು ಬರುವ ಹೊಳೆಯನ್ನು ಬೊಗಸೆಯಲ್ಲೆತ್ತಿ ಕುಡಿದು ಬೆಳೆದವಳು. ಹೊಳೆಯ ನೀರಾದರೇನು, ಬಾವಿಯ ನೀರಾದರೇನು, ಎರಡೂ ಒಂದೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಐದನೇ ಭಾನುವಾರವಿರಬೇಕು. ಅವರ ಎದುರಿಗೆ ಗಂಜಿ ಇಟ್ಟು, ಬಕೆಟ್ಟಿನಿಂದ ತೊಟ್ಟಿಗೆ ನೀರು ಸುರಿಯುತ್ತಿದ್ದೆ. ಅವರು ಎಡಗೈಯನ್ನು ತೊಟ್ಟಿಗೆ ಅದ್ದಿ, ಬೆರಳನ್ನು ನಾಲಿಗೆಗೆ ತಾಗಿಸಿದರು. ಟಿಕೆಟ್ ಹರಿಯುವ ಹಳೆಯ ಚಾಳಿ ಮರಳಿತು ಎಂದುಕೊಂಡು, ಮೀನಿನ ನೀರನ್ನು ಯಾರಾದರೂ ಬಾಯಿಗಿಡುತ್ತಾರೆಯೇ ಎಂದು ಸೆರಗಿನಿಂದ ಬೆರಳು ಒರೆಸಿದೆ. ಆಗ ಅವರ ತುಟಿ ಅಲುಗಿತು. ಮುಖವೆಲ್ಲ ಕೆಂಪಾಯಿತು. ಒಂದು ಮಾತು ಹೊರಬಂತು.

"ಚಪ್ಪೆ."

ಬಕೆಟ್ಟು ಅಲ್ಲೇ ಬಿಟ್ಟೆ. ಮಾತು ಬಂದಿತ್ತು. ತೊದಲಿಲ್ಲ, ಪೂರ್ತಿ ಮಾತು. ಅವರ ತಲೆಯನ್ನು ಎದೆಗೆ ಒತ್ತಿಕೊಂಡು ನಾನೇನೇನು ಅಂದೆನೋ ನೆನಪಿಲ್ಲ. ಆಮೇಲೆ ಗಂಜಿಯ ಬಟ್ಟಲು ಕಣ್ಣಿಗೆ ಬಿತ್ತು. ಚಪ್ಪೆ. ಹೌದಲ್ಲ, ಉಪ್ಪಿಲ್ಲದ ಗಂಜಿ ಚಪ್ಪೆಯೇ. ಆರೂವರೆ ತಿಂಗಳು ಬಾಯಿ ಕಟ್ಟಿದವರಿಗೆ ಬರಬೇಕಾದ ಮಾತೇ ಬಂದಿದೆ ಎಂದುಕೊಂಡು ಅಟ್ಟದ ಭರಣಿ ಇಳಿಸಿ ಎರಡು ಹರಳು ಉಪ್ಪು ಹಾಕಿದೆ. ಡಾಕ್ಟರು ಬೈದರೆ ಬೈಯಲಿ. ಆದರೆ ಅವರು ಬಟ್ಟಲು ತಳ್ಳಿ ಮತ್ತೆ ಅಂದರು, "ಚಪ್ಪೆ."

ನನ್ನ ಸಂತೋಷದ ಒಳಗೆ ಒಂದು ಮುಳ್ಳು ಇತ್ತು. ಅದನ್ನು ಈಗ ಮುಚ್ಚಿಟ್ಟು ಏನಾಗಬೇಕು. ಮೊದಲ ಮಾತು ಅಕ್ಕೋರೆ ಎಂದಿರಲಿಲ್ಲ. ಹೇಲು ಉಚ್ಚೆ ಬಳಿದು, ನಿದ್ದೆಗೆಟ್ಟು, ಕೆಲಸ ಬಿಟ್ಟು ಕುಳಿತವಳ ನೆನಪಾಗದೆ ಗಂಜಿಯ ರುಚಿಯ ನೆನಪಾಗಿತ್ತು.

ಆಮೇಲೆ ಎರಡು ವಾರ ಅದೊಂದೇ ಮಾತು. ಗಂಜಿ ಇಟ್ಟರೆ ಚಪ್ಪೆ, ಚಹಾ ಕೊಟ್ಟರೆ ಚಪ್ಪೆ, ಬಕೆಟ್ಟು ಹಿಡಿದು ಬಂದರೆ ಚಪ್ಪೆ. ಕುರ್ಚಿಯ ಕೈಯನ್ನು ಬಡಿದು ಬಡಿದು ಹೇಳುತ್ತಿದ್ದರು. ಪಕ್ಕದ ಮನೆಯಾಕೆ ಕೂಡ "ಮೇಡಂ ಅಡಿಗೆ ಯಾಕೋ ರುಚಿ ಇಲ್ವಂತೆ" ಎಂದು ನಕ್ಕಳು. ಅದೇ ಹೊತ್ತಿಗೆ ಮೀನುಗಳೂ ಸೊರಗತೊಡಗಿದವು. ರೆಕ್ಕೆ ಮಡಚಿಕೊಂಡು ಮೂಲೆಯಲ್ಲಿ ಓಲಾಡುತ್ತಿದ್ದವು. ಚಿಕ್ಕದರ ಬಾಲದ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಬಂತು. ಅಂಗಡಿಯವನು ನೀಲಿ ಔಷಧಿ ಕೊಟ್ಟು, "ನೀರು ಕೊಳೆಯಾಗಿರ್ಬೇಕು, ದಿನಾ ಸ್ವಲ್ಪ ಬದ್ಲಾಯ್ಸಿ" ಅಂದ. ನಾನು ದಿನಾ ಬದಲಾಯಿಸಿದೆ. ದಿನಾ ಬೆಳಿಗ್ಗೆ ಬಾವಿಯಿಂದ ಎರಡು ಕೊಡ.

ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ಬೆಳಿಗ್ಗೆ ಕೊಡ ತಂದು ಜಗಲಿಯಲ್ಲಿ ಇಟ್ಟದ್ದೇ ತಡ, ಅವರು ಎಡಗೈಯಿಂದ ನನ್ನ ಸೆರಗು ಹಿಡಿದೆಳೆದು "ಚಪ್ಪೆ, ಚಪ್ಪೆ" ಎಂದು ಕಿರುಚಿದರು. ಕೈ ತಾಗಿ ಗಂಜಿ ಬಟ್ಟಲು ನೆಲಕ್ಕೆ ಬಿತ್ತು. ನನ್ನೊಳಗೆ ಏನೋ ಹರಿಯಿತು.

"ಇದೊಂದು ಮಾತು ಕಲ್ತಿದ್ದೀರಲ್ಲ, ಸಾಕು. ನನ್ನ ಅಡಿಗೆ ಚಪ್ಪೆ, ನನ್ನ ಕೈ ಚಪ್ಪೆ, ನಾನೇ ಚಪ್ಪೆ. ಇದನ್ನ ಹೇಳೋಕೆ ನಿಮ್ಗೆ ಮಾತು ಬರ್ಬೇಕಿತ್ತಾ? ಮಾತು ಬರ್ದೆ ಇದ್ದಾಗ್ಲೇ ಚೆನ್ನಾಗಿತ್ತು. ಇನ್ನೊಂದ್ಸಲ ಬಾಯಿ ಬಿಡ್ಬೇಡಿ."

ಇಷ್ಟನ್ನೂ ಕ್ಲಾಸಿನ ದನಿಯಲ್ಲಿ ಹೇಳಿದೆ. ಎಂಬತ್ತು ಮಕ್ಕಳನ್ನು ಒಂದೇ ಸಲಕ್ಕೆ ಸುಮ್ಮನಾಗಿಸುತ್ತಿದ್ದ ದನಿ ಅದು. ಅವರು ಸೆರಗು ಬಿಟ್ಟರು. ನೆಲ ಒರೆಸಿ, ಕೊಡದ ನೀರು ತೊಟ್ಟಿಗೆ ಸುರಿದೆ.

ಮಾರನೆಯ ದಿನ ಅವರು ಏನೂ ಹೇಳಲಿಲ್ಲ. ನನಗೆ ಒಂದು ಬಗೆಯ ನೆಮ್ಮದಿಯೇ ಆಯಿತು ಎಂದರೆ ಈಗ ಯಾರು ನಂಬುತ್ತಾರೆ. ಮೂರನೆಯ ದಿನ ಚಿಕ್ಕ ಕಾಗಳಸಿ ಮಗುಚಿಕೊಂಡು ತೇಲುತ್ತಿತ್ತು. ನಾನು ಎದ್ದು ಬರುವ ಮೊದಲೇ ಅವರು ತೆರೆದ ಬಾಗಿಲಿನಿಂದ ಅದನ್ನು ನೋಡುತ್ತಾ ಒಳಗೆ ಮಂಚದಲ್ಲಿ ಒರಗಿದ್ದರು. ದೊಡ್ಡದು ಅದರ ಕೆಳಗೇ ನಿಂತಿತ್ತು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಬಿಗಿಯಾಗಿ ಮುಚ್ಚಿತ್ತು. ಸತ್ತ ಮೀನನ್ನು ಕಾಗದದಲ್ಲಿ ಸುತ್ತಿ ದಾಸವಾಳದ ಬುಡದಲ್ಲಿ ಹೂತು ಬಂದು ಮೈದುನನಿಗೆ ಫೋನ್ ಮಾಡಿದೆ.

ಅವನು ಎಲ್ಲ ಕೇಳಿಸಿಕೊಂಡ. "ನೀರು ಮುಗ್ದಿತ್ತಾ ಅತ್ಗೆ? ನೀವು ಫೋನೇ ಮಾಡ್ಲಿಲ್ಲ."

"ನಮ್ಮ ಬಾವಿ ನೀರೇ ಹಾಕ್ತಿದ್ನಲ್ಲಪ್ಪ. ಒಳ್ಳೇ ನೀರು."

ಅವನು ಮೆಲ್ಲಗೆ ಕೇಳಿದ, "ಎಂತಾ ಅತ್ಗೆ, ಕಾಗಳಸಿನ ಚಪ್ಪೆ ನೀರಲ್ಲಿ ಹಾಕಿದ್ರಾ?"

ಏನು ನೀರು ಎಂದು ಕೇಳಿದೆ.

"ಚಪ್ಪೆ ನೀರು. ಬಾವಿ ನೀರು, ಕುಡ್ಯೂ ನೀರು. ನಮ್ ಹೊಳೆ ಉಪ್ಪು ಅಲ್ದಾ? ಸಮುದ್ರ ಏರಿ ಭರ್ತ ಬಂದಾಗ ಅದ್ರ ನೀರು ಹತ್ತತ್ತು ಇಲ್ಲೀವರೆಗೂ. ಅಣ್ಣಂಗೆ ಗೊತ್ತಿತ್ತಲ, ಅಂವ ಹೇಳ್ತಿದ್ದ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅಣ್ಣನಿಗೆ ಮಾತು ಬರುವುದಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

ನಮ್ಮ ಕಡೆ ಚಪ್ಪೆ ಎಂಬುದು ಉಪ್ಪು ಖಾರವಿಲ್ಲದ ಊಟಕ್ಕೆ ಹೇಳುವ ಮಾತು. ನೀರಿಗೆ ನಾವು ಹಾಗೆ ಹೇಳುವುದಿಲ್ಲ, ನಮ್ಮಲ್ಲಿ ಇರುವುದೇ ಒಂದು ಬಗೆಯ ನೀರು. ಇಪ್ಪತ್ತೈದು ವರ್ಷ ಮಕ್ಕಳಿಗೆ ಪದಗಳ ಅರ್ಥ ಬರೆಸಿದವಳಿಗೆ ಈ ಒಂದು ಅರ್ಥ ಗೊತ್ತಿರಲಿಲ್ಲ. ಬೆರಳು ಅದ್ದಿ, ರುಚಿ ನೋಡಿ, ಆರೂವರೆ ತಿಂಗಳ ಕತ್ತಲೆಯೊಳಗೆ ತಡಕಾಡಿ ತಾನು ಹುಟ್ಟಿದ ಹೊಳೆಯ ದಂಡೆಯಿಂದ ಒಂದು ಮಾತನ್ನು ಎತ್ತಿ ತಂದಿದ್ದರು. ನನ್ನನ್ನು ದೂರಲು ಅಲ್ಲ. ಎರಡು ಜೀವ ಉಳಿಸಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಎಷ್ಟು ಸಲ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದೆನೋ. ಹೋಗುವುದು ಅಂದರೆ ಏನೆಂದು ಅಂದು ತಿಳಿಯಿತು.

ಮೈದುನ ಹೇಳಿದಂತೆ ಕಲ್ಲುಪ್ಪನ್ನು ನೀರಿನಲ್ಲಿ ಕರಗಿಸಿ, ಒಂದೊಂದೇ ಲೋಟ, ದಿನವಿಡೀ ತೊಟ್ಟಿಗೆ ಹಾಕಿದೆ. ಮಾರನೆಯ ದಿನ ಗಾಡಿಯಲ್ಲಿ ಎರಡು ಡ್ರಮ್ಮು ಹೊಳೆ ನೀರೂ ಬಂತು. ಬೆರಳು ಅದ್ದಿ ನಾನೂ ನಾಲಿಗೆಗಿಟ್ಟು ನೋಡಿದೆ. ಎಂಟು ವರ್ಷದ ಮಗುವೂ ಹೇಳುವಷ್ಟು ಉಪ್ಪು. ನಾಲ್ಕು ದಿನಕ್ಕೆ ದೊಡ್ಡ ಕಾಗಳಸಿ ರೆಕ್ಕೆ ಬಿಡಿಸಿತು, ಐದನೇ ದಿನ ಎರೆಹುಳು ತಿಂದಿತು.

ಅಂದು ಅವರ ಕುರ್ಚಿಯ ಎದುರು ನೆಲದ ಮೇಲೆ ಕುಳಿತೆ. ಎಡಗೈ ಹಿಡಿದುಕೊಂಡೆ. "ನೀವು ಹೇಳಿದ್ದೇ ಸರಿ. ನೀರು ಚಪ್ಪೆ ಆಗಿತ್ತು. ನಂಗೆ ತಿಳೀಲಿಲ್ಲ. ತಪ್ಪು ನಂದು. ಈಗ ಹೇಳಿ. ಏನಾದ್ರೂ ಹೇಳಿ. ಅದೇ ಮಾತು ಹೇಳಿ, ಬೈಯ್ರಿ ಬೇಕಾದ್ರೆ" ಎಂದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಮೇಲೆ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು, ಮೆಲ್ಲಗೆ ಎತ್ತಿ, ತೋರುಬೆರಳನ್ನು ತುಟಿಗಳ ಮೇಲೆ ಅಡ್ಡವಾಗಿ ಇಟ್ಟುಕೊಂಡರು. ಟೀಚರು ಗದರಿಸಿದಾಗ ಮಕ್ಕಳು ಇಟ್ಟುಕೊಳ್ಳುವ ಹಾಗೆ.

ಆ ಬೆರಳನ್ನು ನಾನೇ ತೆಗೆದೆ. ಅವರು ಮತ್ತೆ ಇಟ್ಟುಕೊಳ್ಳಲಿಲ್ಲ. ಅದಾದ ಮೇಲೆ ಹನ್ನೊಂದು ತಿಂಗಳು ಇದ್ದರು. ಊಟ ಮಾಡಿದರು, ಮೀನಿಗೆ ಹುಳು ಹಾಕಿದರು, ಒಂದೆರಡು ಸಲ ನನ್ನನ್ನು ನೋಡಿ ನಕ್ಕರು ಕೂಡ. ಗಂಟಲಿನ ಸದ್ದು ಮಾತ್ರ ಮತ್ತೆ ಬರಲಿಲ್ಲ. ಶಿವಮೊಗ್ಗದ ಡಾಕ್ಟರು, ಕೆಲವರಿಗೆ ಹೀಗೆ ಬಂದ ಮಾತು ಹೋಗಿಬಿಡುತ್ತದೆ, ನಿಮ್ಮ ತಪ್ಪಲ್ಲ ಎಂದಳು. ಇರಬಹುದು. ಅವರಿಗೆ ಆಡಲು ಬರಲಿಲ್ಲವೋ, ನಾನು ಬೇಡವೆಂದೆ ಎಂದು ಆಡಲಿಲ್ಲವೋ, ಕೇಳಿ ತಿಳಿದುಕೊಳ್ಳೋಣವೆಂದರೆ ಹೇಳಬೇಕಾಗಿದ್ದವರು ಅವರೇ.